ಬೋಳುತಲೆಯೂ ಪುರುಷ ಹಾರ್ಮೋನಿನ ನಿರೋಧವೂ: ಒಂದು ಚಾರಿತ್ರಿಕ ವಿವೇಚನೆ

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಗೊಂಡ ಕಾವೇರಿಯ ನೀರು ಬೆಂಗಳೂರನ್ನು ಮುಟ್ಟತೊಡಗಿದ್ದು 1974ರಲ್ಲಿ. ಉದ್ಯೋಗಾರ್ಥವಾಗಿ ರಾಜಧಾನಿಗೆ ಹೋದ ಮಂಡ್ಯ ಸೀಮೆಯ ತರುಣರು ತಮ್ಮ ನೆತ್ತಿ ಬರಿದಾಗುವುದಕ್ಕೆ ನಗರದ ನಲ್ಲಿನೀರನ್ನು ದೂಷಿಸುವುದೂ, ಊರಿನಲ್ಲಿಯೇ ಉಳಿದವರು ಕೊಳವೆಬಾವಿಯ ಗಡಸು ನೀರನ್ನು ದೂಷಿಸುವುದೂ ಇಂದು ರೂಢಿಯಾಗಿಬಿಟ್ಟಿವೆ. ಲವಣಾಂಶ ಹೆಚ್ಚಿದ ನೀರು ಕೂದಲನ್ನು ಒರಟುಗೊಳಿಸುವುದುಂಟು. ಆದರೆ ತಲೆಯ ಮೇಲೆ ಸುರಿದುಕೊಂಡ ನೀರು ಮುಂದಲೆ, ನೆತ್ತಿ, ಹಿಂದಲೆಗಳೆಂಬ ಭೇದವನ್ನೆಣಿಸದೆ ಹರಿಯುವುದರಿಂದ, ಹಣೆಯ ಎರಡು ಮೂಲೆಗಳನ್ನೂ ನಡುನೆತ್ತಿಯನ್ನೂ ಬೋಳುಮಾಡಿ ಹಿಂದಲೆಯ ಕೂದಲನ್ನು ಮಾತ್ರ ಮುಟ್ಟದೆ ಬಿಡುವ ಈ ಅವಸ್ಥೆಗೆ ನೀರು ಕಾರಣವಾಗಲಾರದೆಂಬುದು ಕೊಂಚ ಯೋಚಿಸಿದವರಿಗೆ ಹೊಳೆಯತಕ್ಕ ಮಾತು. ಕಾರಣವು ದೇಹದ ಒಳಗಿನದು. ಪುರುಷತ್ವವನ್ನುಂಟುಮಾಡುವ ಹಾರ್ಮೋನೇ ಆ ಕಾರಣವೆಂಬ ತಿಳಿವು ಹೇಗೆ ಬೆಳೆಯಿತು, ಅದನ್ನು ಸಮೂಲವಾಗಿ ಕೀಳದೆ ಅದರ ಒಂದು ಕವಲನ್ನು ಮಾತ್ರ ತಡೆಯುವ ಉಪಾಯ ಹೇಗೆ ದೊರೆಯಿತು ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ನಮ್ಮ ಪ್ರಾಚೀನ ವೈದ್ಯರು ಈ ವ್ಯಾಧಿಯನ್ನು ಖಾಲಿತ್ಯವೆಂದೂ ಇಂದ್ರಲುಪ್ತವೆಂದೂ ಕರೆದರು. ವಾತದೊಡನೆ ಕೂಡಿದ ಪಿತ್ತವು ರೋಮಕೂಪವನ್ನು ಹೊಕ್ಕು ಕೂದಲನ್ನು ಉದುರಿಸುವುದೆಂದೂ, ಬಳಿಕ ರಕ್ತದೊಡಗೂಡಿದ ಕಫವು ಆ ಕೂಪವನ್ನು ಮುಚ್ಚಿ ಹೊಸ ಕೂದಲಿಗೆ ಎಡೆಯಿಲ್ಲದಂತೆ ಮಾಡುವುದೆಂದೂ ಸುಶ್ರುತಸಂಹಿತೆಯ ನಿದಾನಸ್ಥಾನವು ವಿವರಿಸುತ್ತದೆ. ತ್ರಿದೋಷಸಿದ್ಧಾಂತವನ್ನು ಒಪ್ಪಲಿ ಬಿಡಲಿ, ಕೇಡು ಸಂಭವಿಸುವುದು ಕೂದಲಿನ ಎಳೆಯಲ್ಲಲ್ಲ, ಅದು ಹುಟ್ಟುವ ಕೂಪದಲ್ಲಿ ಎಂಬ ಅವರ ನಿರ್ಣಯ ಇಂದಿಗೂ ಸರಿಯಾದುದೇ. ಸ್ತ್ರೀಯರಿಗೆ ಖಾಲಿತ್ಯ ಬಾರದಿರುವುದಕ್ಕೆ ಕಾರಣವನ್ನು ಹುಡುಕಿ, ರಜಃಸ್ರಾವದಿಂದ ಅವರ ರಕ್ತ ಶುದ್ಧವಾಗುವುದೆಂಬ ವಿದೇಹನೆಂಬ ಆಚಾರ್ಯನ ಮತವನ್ನು ವ್ಯಾಖ್ಯಾನಕಾರರು ಉದ್ಧರಿಸಿರುವುದೂ ಗಮನಾರ್ಹ. ಉತ್ತರ ತಪ್ಪಿದರೂ ಪ್ರಶ್ನೆ ತಪ್ಪಿರಲಿಲ್ಲ. ಗ್ರೀಸಿನಲ್ಲಿ ಹಿಪ್ಪಾಕ್ರಟೀಸನ ಹೆಸರಿನ ಸೂತ್ರಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೃಷಣಗಳನ್ನು ಕಳೆದುಕೊಂಡವರು ಬೋಳಾಗುವುದಿಲ್ಲವೆಂದು ದಾಖಲಿಸಿದುವು. ಅರಿಸ್ಟಾಟಲನೂ ಇದನ್ನೇ ಹೇಳಿದನು. ಬೀಜ ಒಡೆಸಿದ ಹೋರಿಯ ಹಿಣಿಲು ಕುಗ್ಗಿ, ಮದವಿಳಿದು, ಅದು ನೊಗಕ್ಕೆ ಒಗ್ಗುವುದನ್ನು ತಲೆತಲಾಂತರದಿಂದ ಕಂಡಿರುವ ಹಳ್ಳಿಕಾರ್ ತಳಿಯನ್ನು ಸಾಕುವ ನಮ್ಮ ಸೀಮೆಯ ರೈತನಿಗೆ, ಒಂದು ಅಂಗವನ್ನು ತೆಗೆದರೆ ದೂರದ ಮತ್ತೊಂದು ಅಂಗ ಬದಲಾಗುವುದೆಂಬ ಈ ತತ್ತ್ವ ಅಪರಿಚಿತವೇನಲ್ಲ.

ಇಪ್ಪತ್ತಕ್ಕೂ ಮಿಕ್ಕಿದ ಶತಮಾನಗಳ ಕಾಲ ಈ ಅವಲೋಕನ ಬರಿಯ ಕುತೂಹಲದ ಸಂಗತಿಯಾಗಿ ಉಳಿದಿತ್ತು. ಅದಕ್ಕೆ ಪ್ರಯೋಗದ ಆಧಾರವನ್ನು ಒದಗಿಸಿದವನು ಅಮೆರಿಕದ ಅಂಗರಚನಾಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್. ವೃಷಣಗಳು ಇಲ್ಲದಿದ್ದ ಅಥವಾ ಬೆಳೆಯದಿದ್ದ 104 ಪುರುಷರನ್ನು ಪರೀಕ್ಷಿಸಿ ಅವನು 1942ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಈ ಚರಿತ್ರೆಯ ಕೀಲಕವೆಂದು ನಾನು ಭಾವಿಸುತ್ತೇನೆ. ಪ್ರಾಯಕ್ಕೆ ಬರುವ ಮೊದಲೇ ವೃಷಣಶಕ್ತಿಯನ್ನು ಕಳೆದುಕೊಂಡವರ ಮುಂದಲೆ ವೃದ್ಧಾಪ್ಯದಲ್ಲಿಯೂ ಹಿಂದೆ ಸರಿದಿರಲಿಲ್ಲ. ಅಂಥವರಿಗೆ ಪುರುಷ ಹಾರ್ಮೋನಾದ ಟೆಸ್ಟೋಸ್ಟಿರಾನನ್ನು ಕೊಟ್ಟಾಗ, ಯಾರ ವಂಶದಲ್ಲಿ ಬೋಳುತಲೆ ಇತ್ತೋ ಅವರಲ್ಲಿ ಕೂದಲು ಉದುರತೊಡಗಿತು. ಕೊಡುವುದನ್ನು ನಿಲ್ಲಿಸಿದಾಗ ಉದುರುವಿಕೆ ನಿಂತಿತಾದರೂ ಹೋದ ಕೂದಲು ಮರಳಲಿಲ್ಲ. ಹಾರ್ಮೋನು, ವಂಶ, ವಯಸ್ಸು ಈ ಮೂರೂ ಕೂಡಿದಲ್ಲದೆ ಬೋಳುತಲೆ ಇಲ್ಲವೆಂಬುದು ಇದರಿಂದ ಸ್ಥಿರಪಟ್ಟಿತು. ಆದರೆ ಈ ಜ್ಞಾನದಿಂದ ರೋಗಿಗೆ ಬಂದ ಲಾಭವೇನು? ಕೂದಲಿಗಾಗಿ ಪುರುಷತ್ವವನ್ನು ಬಲಿಕೊಡುವ ಚಿಕಿತ್ಸೆಯನ್ನು ಯಾವ ವೈದ್ಯನೂ ಸೂಚಿಸಲಾರನು, ಯಾವ ರೋಗಿಯೂ ಒಪ್ಪಲಾರನು.

ಆ ಬಿಕ್ಕಟ್ಟನ್ನು ಬಿಡಿಸಿದುದು, ಟೆಸ್ಟೋಸ್ಟಿರಾನು ತಾನೇ ನೇರವಾಗಿ ಕೂಪವನ್ನು ಕೆಡಿಸುವುದಿಲ್ಲವೆಂಬ ಅರಿವು. 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವವು ಅದನ್ನು ಡೈಹೈಡ್ರೋಟೆಸ್ಟೋಸ್ಟಿರಾನ್ ಎಂಬ ಹೆಚ್ಚು ಪ್ರಬಲವಾದ ರೂಪಕ್ಕೆ ಪರಿವರ್ತಿಸುತ್ತದೆ. ಈ ರೂಪವು ಕೂಪದ ಬುಡದಲ್ಲಿರುವ ಅಂಕುರದ ಗ್ರಾಹಕಗಳಿಗೆ ಅಂಟಿಕೊಂಡು, ವರ್ಷಗಟ್ಟಲೆ ನಡೆಯಬೇಕಾದ ಕೂದಲಿನ ಬೆಳವಣಿಗೆಯ ಅವಧಿಯನ್ನು ಆವೃತ್ತಿಯಿಂದ ಆವೃತ್ತಿಗೆ ಮೊಟಕುಮಾಡುತ್ತದೆ. ಕೂಪವು ಕಿರಿದಾಗುತ್ತ ಹೋಗಿ, ದಪ್ಪನೆಯ ಕರಿಗೂದಲಿದ್ದೆಡೆಯಲ್ಲಿ ಕಡೆಗೆ ಕಣ್ಣಿಗೆ ಕಾಣದಷ್ಟು ನವುರಾದ ರೋಮ ಮಾತ್ರ ಉಳಿಯುತ್ತದೆ. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದವನ ತಲೆ ಕೆಲವೇ ತಿಂಗಳಲ್ಲಿ ಮೊದಲಿನಂತಾಗುವುದು ಕೂಪವು ಅಕ್ಷತವಾಗಿರುವುದರಿಂದ. ಅಂತೆಯೇ ಪದೇ ಪದೇ ಬೋಳಿಸಿದರೆ ಕೂದಲು ದಟ್ಟವಾಗುವುದೆಂಬ ನಂಬಿಕೆ ನಿರಾಧಾರವಾದುದು, ಕ್ಷೌರದ ಕತ್ತಿ ಕೂಪದವರೆಗೆ ಇಳಿಯುವುದಿಲ್ಲವಷ್ಟೆ. ಹಿಂದಲೆಯ ಕೂಪಗಳಿಗೆ ಈ ಹಾರ್ಮೋನು ನಾಟುವುದಿಲ್ಲ. ಅವನ್ನು ಮುಂದಲೆಗೆ ನೆಟ್ಟರೂ ಅವು ತಮ್ಮ ಮೂಲಗುಣವನ್ನು ಬಿಡುವುದಿಲ್ಲವೆಂಬುದನ್ನು ನಾರ್ಮನ್ ಓರೆಂಟ್ರೈಕ್ 1959ರಲ್ಲಿ ತೋರಿಸಿದನು. ಇಂದಿನ ಕೂದಲು ನಾಟಿಯೆಲ್ಲ ಅದರ ಮೇಲೆಯೇ ನಿಂತಿದೆ.

ಕಿಣ್ವವೊಂದನ್ನೇ ತಡೆದರೆ ಮನುಷ್ಯನಿಗೆ ಏನಾದೀತು? ಈ ಪ್ರಶ್ನೆಗೆ ಪ್ರಕೃತಿಯೇ ಉತ್ತರವನ್ನು ಸಿದ್ಧಮಾಡಿಟ್ಟಿತ್ತು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಎಂಬ ಹಳ್ಳಿಯಲ್ಲಿ, ಹುಟ್ಟುವಾಗ ಹೆಣ್ಣೆಂದು ತೋರಿ ಹೆಣ್ಣಾಗಿ ಬೆಳೆದು ಪ್ರಾಯಕ್ಕೆ ಬರುವಾಗ ಗಂಡಾಗುತ್ತಿದ್ದ ಕೆಲವರ ವೃತ್ತಾಂತವನ್ನು ಜೂಲಿಯಾನ್ ಇಂಪರಾಟೊ-ಮೆಕ್‌ಗಿನ್ಲಿ ಎಂಬ ವೈದ್ಯೆಯೂ ಆಕೆಯ ಸಂಗಡಿಗರೂ 1974ರಲ್ಲಿ ಪ್ರಕಟಿಸಿದರು. ಅವರಲ್ಲಿ ಆನುವಂಶಿಕವಾಗಿ 5-ಆಲ್ಫಾ ರಿಡಕ್ಟೇಸ್ ಕಿಣ್ವದ ಕೊರತೆಯಿತ್ತು. ಅವರ ಸ್ನಾಯುಬಲಕ್ಕೂ ಗಂಡುದನಿಗೂ ನ್ಯೂನತೆಯಿರಲಿಲ್ಲ. ಆದರೆ ಗಡ್ಡ ವಿರಳ, ಪ್ರಾಸ್ಟೇಟ್ ಗ್ರಂಥಿ ಕಿರಿದು, ಹಣೆಯ ಮೂಲೆಗಳು ಹಿಂದೆ ಸರಿದಿರಲಿಲ್ಲ. ಇದನ್ನು ಓದಿದ ಮರ್ಕ್ ಕಂಪನಿಯ ಸಂಶೋಧನಾಧ್ಯಕ್ಷ ರಾಯ್ ವೆಗೆಲಸ್‌ಗೆ ಹೊಳೆದುದು ಬೋಳುತಲೆಯಲ್ಲ, ಮುದುಕರ ಮೂತ್ರವನ್ನು ತಡೆಯುವ ಪ್ರಾಸ್ಟೇಟ್ ಊತ. ಟೆಸ್ಟೋಸ್ಟಿರಾನನ್ನೇ ಹೋಲುವ ಫಿನಾಸ್ಟಿರೈಡ್ ಎಂಬ ಅಣುವನ್ನು ಅಲ್ಲಿ ನಿರ್ಮಿಸಿದರು. ಕಿಣ್ವವು ಇದನ್ನು ತನ್ನ ಎಂದಿನ ಗ್ರಾಸವೆಂದು ಹಿಡಿದು, ಬಿಡಿಸಿಕೊಳ್ಳಲಾರದೆ ಕೆಲಸಗೇಡಿಯಾಗುತ್ತದೆ. 5 ಮಿಲಿಗ್ರಾಮಿನ ಮಾತ್ರೆಗೆ ಅಮೆರಿಕ ಸರ್ಕಾರದ ಸಮ್ಮತಿ ದೊರೆತದ್ದು 1992ರಲ್ಲಿ, ಪ್ರಾಸ್ಟೇಟಿಗೆ. 1 ಮಿಲಿಗ್ರಾಮಿನದಕ್ಕೆ 1997ರ ಡಿಸೆಂಬರಿನಲ್ಲಿ, ಬೋಳುತಲೆಗೆ.

1998ರಲ್ಲಿ ಪ್ರಕಟವಾದ ಆ ಮಾತ್ರೆಯ ಪರೀಕ್ಷೆಯಲ್ಲಿ 18ರಿಂದ 41 ವಯಸ್ಸಿನ 1553 ಪುರುಷರಿದ್ದರು. ನೆತ್ತಿಯ ಮೇಲೆ ಒಂದಂಗುಲ ವ್ಯಾಸದ ವೃತ್ತದಲ್ಲಿ ಮೊದಲು ಸರಾಸರಿ 876 ಕೂದಲಿದ್ದು, ಎರಡು ವರ್ಷಗಳ ತರುವಾಯ ಔಷಧ ಸೇವಿಸಿದವರಲ್ಲಿ ಹುಸಿಮಾತ್ರೆ ನುಂಗಿದವರಿಗಿಂತ 138 ಕೂದಲು ಅಧಿಕವಾಗಿದ್ದುವು. ಇದು ಪವಾಡವಲ್ಲ, ಇರುವುದನ್ನು ಉಳಿಸಿಕೊಂಡು ಸ್ವಲ್ಪವನ್ನು ಮರಳಿ ಪಡೆಯುವ ಸಾಧನೆ. ಸೇವನೆಯನ್ನು ಬಿಟ್ಟರೆ ಒಂದು ವರ್ಷದೊಳಗಾಗಿ ಗಳಿಸಿದುದೆಲ್ಲ ಹೋಗುತ್ತದೆ. 5-ಆಲ್ಫಾ ರಿಡಕ್ಟೇಸಿನ ಎರಡು ಬಗೆಗಳನ್ನೂ ತಡೆಯುವ ಡ್ಯುಟಾಸ್ಟಿರೈಡ್ ಇನ್ನೂ ಬಲವಾದುದು. ದಕ್ಷಿಣ ಕೊರಿಯ ಅದನ್ನು 2009ರಲ್ಲಿ ಬೋಳುತಲೆಗೆ ಮಂಜೂರುಮಾಡಿತು. ಗ್ರಾಹಕವನ್ನೇ ಮುಚ್ಚುವ ಫ್ಲುಟಮೈಡ್, ಸೈಪ್ರೊಟಿರೋನ್ ಮೊದಲಾದುವು ಪುರುಷನಿಗೆ ಸ್ತನವೃದ್ಧಿಯನ್ನೂ ಕಾಮಕ್ಷಯವನ್ನೂ ತರುವುದರಿಂದ ಇಲ್ಲಿ ವಿಚಾರಕ್ಕೆ ಅರ್ಹವಲ್ಲ.

ಭಾರತದಲ್ಲಿ 1970ರ ಪೇಟೆಂಟ್ ಶಾಸನವು ಔಷಧವಸ್ತುವಿಗೆ ಏಕಸ್ವಾಮ್ಯವನ್ನು ಕೊಡದಿದ್ದುದರಿಂದ, ಸಿಪ್ಲಾ ಮುಂತಾದ ದೇಶೀಯ ಕಂಪನಿಗಳು ಫಿನಾಸ್ಟಿರೈಡ್ ಮಾತ್ರೆಯನ್ನು ಅಗ್ಗದಲ್ಲಿ ತಯಾರಿಸಿದುವು. ಬೇಡಿಕೆಗೆ ಕೊರತೆಯಿರಲಿಲ್ಲ: ಬೆಂಗಳೂರಿನ ಚರ್ಮವೈದ್ಯ ಡಿ.ಎಸ್. ಕೃಪಾಶಂಕರ್ ಮತ್ತು ಸಂಗಡಿಗರು 1005 ಪುರುಷರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, 30ರಿಂದ 50ರ ವಯಸ್ಸಿನವರಲ್ಲಿ ನೂರಕ್ಕೆ 58 ಮಂದಿಗೆ ಈ ಅವಸ್ಥೆ ಇತ್ತು. 2023ರಲ್ಲಿ ಮಂಡ್ಯ ಸೀಮೆಯ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಹೆಣ್ಣು ಸಿಗದ ತರುಣರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಬೇಸಾಯಗಾರನಿಗೆ ಕನ್ಯೆ ದೊರೆಯದ ಕಾಲದಲ್ಲಿ ನೆತ್ತಿಯೂ ಬರಿದಾದರೆ ಆ ತರುಣನ ಚಿಂತೆ ಇಮ್ಮಡಿಯಾಗುವುದು ಸಹಜವೇ ಸರಿ. ಗರಗದ ಸೊಪ್ಪಿನ ಎಣ್ಣೆ, ಹರಳೆಣ್ಣೆಗಳನ್ನು ನಾನು ಹಳಿಯುವವನಲ್ಲ, ಅವು ಕೂದಲಿಗೆ ಮೆರುಗನ್ನು ಕೊಡುತ್ತವೆ. ಆದರೆ ಅವುಗಳಿಂದ ಈ ಕಿಣ್ವವು ನಿಂತೀತೆಂದು ನಂಬಲು ಆಧಾರವಿಲ್ಲ.

ಅಪಾಯಗಳನ್ನು ಮುಚ್ಚಿಡುವುದು ಧರ್ಮವಲ್ಲ. ಫಿನಾಸ್ಟಿರೈಡಿನ ಪರೀಕ್ಷೆಗಳಲ್ಲಿ ಲೈಂಗಿಕ ದೌರ್ಬಲ್ಯವು ಔಷಧ ಸೇವಿಸಿದವರಲ್ಲಿ ನೂರಕ್ಕೆ 3.8, ಹುಸಿಮಾತ್ರೆಯವರಲ್ಲಿ 2.1ರಷ್ಟು ಕಂಡಿತು. ಸೇವನೆಯನ್ನು ಬಿಟ್ಟ ಮೇಲೂ ಅದು ಮುಂದುವರಿದ ವರದಿಗಳನ್ನು ಅಮೆರಿಕ ಸರ್ಕಾರವು 2012ರಲ್ಲಿ ಔಷಧಪತ್ರದಲ್ಲಿ ಸೇರಿಸಿತು. ಆತ್ಮಹತ್ಯೆಯ ಯೋಚನೆಯ ವರದಿಗಳನ್ನು 2022ರಲ್ಲಿ ಸೇರಿಸಲು ಆದೇಶಿಸಿತು. ಗಂಡು ಭ್ರೂಣದ ಜನನಾಂಗಕ್ಕೆ ಹಾನಿಯಾಗಬಹುದಾದುದರಿಂದ ಗರ್ಭಿಣಿಯು ಒಡೆದ ಮಾತ್ರೆಯನ್ನು ಕೈಯಿಂದಲೂ ಮುಟ್ಟಕೂಡದು. ಇಷ್ಟಾದರೂ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಶಾಸನವಿರುವ ಈ ಔಷಧವನ್ನು ಸ್ನೇಹಿತನ ಮಾತು ಕೇಳಿ ತಂದು ನುಂಗುವವರುಂಟು. ಅಂಥವರು ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಚರ್ಮರೋಗ ವಿಭಾಗಕ್ಕೋ ಹತ್ತಿರದ ಚರ್ಮವೈದ್ಯರಲ್ಲಿಗೋ ಮೊದಲು ಹೋಗಿ ಬರಲಿ. ಈ ಮಾತ್ರೆಯು ಪ್ರಾಸ್ಟೇಟ್ ಕ್ಯಾನ್ಸರನ್ನು ಸೂಚಿಸುವ ಪಿಎಸ್ಎ ರಕ್ತಪರೀಕ್ಷೆಯ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುವುದಾದ್ದರಿಂದ, ಇದನ್ನು ಸೇವಿಸುತ್ತಿರುವ ಹಿರಿಯರು ಆ ಪರೀಕ್ಷೆಗೆ ರಕ್ತ ಕೊಡುವ ಮುನ್ನ ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು.