ಕಾವಿಗೆ ಕೂರುವ ಹೇಂಟೆ

ಉಪ್ಪನ ಅಂಗಡಿಯ ಹಳೆಯ ಸಾಲದ ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಬಿಸಿಲಿಗೆ ಹಾಕುವಾಗ 1996ರ ಪುಸ್ತಕ ಬಿಡಿಸಿದೆ. ಗಂಡಸರ ಹೆಸರಿನ ಪುಟಗಳಲ್ಲಿ ಬರೀ ಸಾಲ. ಹೆಂಗಸರ ಪುಟಗಳಲ್ಲಿ ಮಾತ್ರ 'ಮೊಟ್ಟೆ 9 ಜಮೆ', 'ಮೊಟ್ಟೆ 14 ಜಮೆ'. ಅದರ ಎದುರು ಚಾಹುಡಿ, ಸಾಬೂನು, ಮಕ್ಕಳ ನೋಟ್‌ಬುಕ್. ನಮ್ಮ ಮಂಜೇಶ್ವರ ಕಡೆಯ ಬ್ಯಾರಿಗಳ ಚರಿತ್ರೆ ಎಂದರೆ ಬಂದರು, ವ್ಯಾಪಾರ, ಗಲ್ಫ್ ಎನ್ನುತ್ತೇವೆ. ಹಿತ್ತಿಲಿನ ಈ ಲೆಕ್ಕವೂ ಚರಿತ್ರೆಯೇ ಅಲ್ಲವೇ?

ಉಮ್ಮನ ಬಳಿ ಆಗ ಏಳೆಂಟು ಊರ ಕೋಳಿಗಳಿದ್ದವು. ಊರ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ದೊಡ್ಡದು. ಹತ್ತು ಹನ್ನೆರಡು ಇಟ್ಟು ಕಾವಿಗೆ ಕೂರುತ್ತದೆ. 21 ದಿನಕ್ಕೆ ಮರಿ. ಮರಿಗಳ ಹಿಂದೆ ತಿರುಗುವಷ್ಟು ದಿನ ಮತ್ತೆ ಮೊಟ್ಟೆ ಇಲ್ಲ. ಆದರೆ ನುಚ್ಚು, ಮೀನಿನ ತಲೆ, ಹಿತ್ತಿಲ ಹುಳ ಬಿಟ್ಟರೆ ಕೈಯಿಂದ ಒಂದು ಪೈಸೆ ಹೋಗುತ್ತಿರಲಿಲ್ಲ. ಬಾಣಂತಿಗೊಂದು ಹೇಂಟೆ, ಹೊಸ ಅಳಿಯ ಬಂದರೆ ಹುಂಜ, ಉಳಿದದ್ದು ಉಮ್ಮನ ಹಣ. ಅದರ ಲೆಕ್ಕ ಉಪ್ಪ ಕೇಳುತ್ತಿರಲಿಲ್ಲ.

ಹೆದರಿಕೆ ಇದ್ದದ್ದು ಬೇನೆಯದು. ಹಸಿರು ಹಿಕ್ಕೆ, ತಿರುಚಿದ ಕತ್ತು, ವಾರದೊಳಗೆ ಗೂಡು ಖಾಲಿ. 1920ರ ದಶಕದ ಕೊನೆಗೆ ಕುಮಾವೂನಿನ ರಾಣಿಖೇತ್‌ನಲ್ಲಿ ಕಂಡದ್ದರಿಂದ ಅದಕ್ಕೆ ರಾಣಿಖೇತ್ ರೋಗವೆಂದೇ ಹೆಸರು. ಲಸಿಕೆ ಇತ್ತು. ಆದರೆ ಒಂದು ಸೀಸೆ ನೂರು ಕೋಳಿಗೆ, ಕಲಸಿದ ಮೇಲೆ ಬೇಗ ಮುಗಿಸಬೇಕು. ಎಂಟು ಕೋಳಿಯವರು ಏನು ಮಾಡಬೇಕು? ನಾಲ್ಕಾರು ಮನೆಯವರು ಒಂದೇ ದಿನ ಬುಟ್ಟಿಯಲ್ಲಿ ಕೋಳಿ ಹೊತ್ತು ಬರುತ್ತಿದ್ದರು. 1956ರಲ್ಲಿ ನಾವು ಕೇರಳಕ್ಕೆ ಸೇರಿದವರು, ಹಾಗಾಗಿ ಕರಪತ್ರ ಮಲಯಾಳದಲ್ಲಿ. ಉಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ.

ಆಮೇಲೆ ಹೊಸ ತಳಿಗಳು ಬಂದವು. ತಲಪಾಡಿಯ ಆಚೆಯಿಂದ ಬೆಂಗಳೂರಿನ ಹೆಬ್ಬಾಳದ ಗಿರಿರಾಜ, ಈಚೆಯಿಂದ ತ್ರಿಶೂರಿನ ಮಣ್ಣುತ್ತಿಯ ಗ್ರಾಮಲಕ್ಷ್ಮಿ. 1998ರಲ್ಲಿ ಕುಟುಂಬಶ್ರೀ ಶುರುವಾಗಿ ಹೆಂಗಸರಿಗೆ ಸಂಘದ ಬಲವೂ ಬಂತು. ವರ್ಷಕ್ಕೆ ನೂರಕ್ಕೂ ಹೆಚ್ಚು ಮೊಟ್ಟೆ! ಉಮ್ಮ ಊರ ಹೇಂಟೆಗಳನ್ನು ಒಂದೊಂದಾಗಿ ಮಾರಿ ಗಿರಿರಾಜ ತಂದರು. ಮೊಟ್ಟೆ ನಿಜಕ್ಕೂ ಹೆಚ್ಚಾಯಿತು, ಸುಳ್ಳು ಹೇಳಬಾರದು. ಆದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ, ಆದ್ದರಿಂದ ಹೆಚ್ಚು ಮೊಟ್ಟೆಯ ತಳಿಯಲ್ಲಿ ಕಾವಿನ ಗುಣವೇ ಕಡಿಮೆ. ಹಳೆಯ ಕೋಳಿ ಮುಗಿದಾಗ ಮರಿ ಹಣಕೊಟ್ಟು ತರಬೇಕು, ಆ ಹಣ ಉಪ್ಪನಲ್ಲಿ ಕೇಳಬೇಕು. ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲಿಲ್ಲ.

2004ರ ಪುಸ್ತಕದಲ್ಲಿ 'ಮೊಟ್ಟೆ ಜಮೆ' ಒಂದೂ ಇಲ್ಲ. ಅಂಗಡಿಗೆ ನಾಮಕ್ಕಲ್ ಮೊಟ್ಟೆ ಟ್ರೇಗಳಲ್ಲಿ ಬರುತ್ತಿತ್ತು. ಹೆಂಗಸರ ಪುಟಗಳೇ ಇಲ್ಲ, ಎಲ್ಲ ಗಂಡಂದಿರ ಹೆಸರಿಗೆ.

ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನಲ್ಲವೇ, ಹೋದ ವರ್ಷ ನಾನೇ ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ಥರ್ಮೋಸ್ಟಾಟ್ ಹಾಕಿ ಕಾವು ಯಂತ್ರ ಮಾಡಿದೆ. 37.5 ಡಿಗ್ರಿ, ಒಳಗೆ ನೀರಿನ ತಟ್ಟೆ, ದಿನಕ್ಕೆ ಮೂರು ನಾಲ್ಕು ಸಲ ಮೊಟ್ಟೆ ಮಗುಚುವುದು. ಹದಿನಾರನೆಯ ರಾತ್ರಿ ಗಾಳಿಮಳೆಗೆ ಕರೆಂಟು ಹೋಗಿ ಬೆಳಿಗ್ಗೆ ಬಂತು. ಇಪ್ಪತ್ತರಲ್ಲಿ ಮೂರು ಮರಿ, ಒಂದರ ಕಾಲು ಸೊಟ್ಟ.

ಉಮ್ಮ ನಗಲಿಲ್ಲ. ಎರಡು ಮನೆ ಆಚೆಯ ಕೊರಗಪ್ಪಣ್ಣನ ಮನೆಯಿಂದ ಕಾವಿಗೆ ಬಂದ ಊರ ಹೇಂಟೆಯೊಂದನ್ನು ಕೇಳಿ ತಂದರು, ಮರಿಯಲ್ಲಿ ಅರ್ಧ ಅವರಿಗೆ ಎಂಬ ಮಾತಿನ ಮೇಲೆ. ಅದು ಈಗ ನಮ್ಮ ಅಕ್ಕಿ ಡಬ್ಬದ ಹಿಂದೆ ಹನ್ನೊಂದು ಮೊಟ್ಟೆಯ ಮೇಲೆ ಕೂತಿದೆ. ಹತ್ತಿರ ಹೋದರೆ ಕುಕ್ಕುತ್ತದೆ.