ಸೀಟಿನ ಕೆಳಗಿದ್ದ ಸ್ಪ್ರಿಂಗ್ ಚಕ್ರಕ್ಕೆ ಇಳಿದ ಕಥೆ

ಕಳೆದ ತಿಂಗಳು ಅಕ್ಕನ ಮಗ ಚೆನ್ನೈನಿಂದ ಫೋನ್ ಮಾಡಿದ್ದ. ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಮೊದಲ ಸಲ ಬೈಕ್ ಓಡಿಸಲು ಹೆಸರು ಕೊಟ್ಟಿದ್ದಾನೆ. “ಮಾವ, ಹಿಂದಿನ ಶಾಕ್ ಬದಲಾಯಿಸಿಬಿಡ್ಲಾ? ಒಂದು ತಿಂಗಳ ಸಂಬಳ ಹೋಗುತ್ತೆ, ಹೋದ್ರೆ ಹೋಗ್ಲಿ” ಅಂದ. ಈಗಿರುವುದಕ್ಕೆ ಏನಾಗಿದೆ ಎಂದು ಕೇಳಿದೆ. ಫ್ಲೈಓವರ್ ಜಾಯಿಂಟುಗಳ ಮೇಲೆ ಹಿಂದಿನ ಚಕ್ರ ಕುಪ್ಪಳಿಸುತ್ತದಂತೆ. ಇನ್ನೂ ವಿಚಾರಿಸಿದಾಗ ವಿಷಯ ಹೊರಬಿತ್ತು. ಗ್ಯಾರೇಜಿನವರು ಸ್ಪ್ರಿಂಗನ್ನು ಕೊನೆಯ ಹಲ್ಲಿನವರೆಗೂ ಬಿಗಿ ಮಾಡಿಕೊಟ್ಟಿದ್ದರು. ಗಟ್ಟಿಯಾದಷ್ಟೂ ಬೈಕ್ ಚೆನ್ನಾಗಿ ಹೋಗುತ್ತದೆ ಎಂದು ಅವರೂ ನಂಬಿದ್ದರು, ಇವನೂ ನಂಬಿದ್ದ.

ಈ ನಂಬಿಕೆ ಹೆಚ್ಚುಕಡಿಮೆ ಮೋಟಾರ್‌ಸೈಕಲ್ಲಿನಷ್ಟೇ ಹಳೆಯದು. ಅದನ್ನು ಅಳಿಸಲು ಎಷ್ಟು ವರ್ಷ ಹಿಡಿಯಿತು, ಯಾರು ಯಾರು ಬೆವರು ಹರಿಸಿದರು ಎಂಬುದು ಸ್ವಾರಸ್ಯದ ಚರಿತ್ರೆ. ಅವನಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ನೆಟ್ಟಗೆ ಹೇಳುತ್ತೇನೆ.

ಮೋಟಾರ್‌ಸೈಕಲ್ ಹುಟ್ಟಿದ್ದು ಸೈಕಲ್ಲಿನಿಂದ. ಹಾಗಾಗಿ ಮೊದಮೊದಲು ಹಿಂದಿನ ಚಕ್ರ ನೇರವಾಗಿ ಫ್ರೇಮಿಗೇ ಕಚ್ಚಿಕೊಂಡಿರುತ್ತಿತ್ತು. ಮುಂದೆ ಸ್ಪ್ರಿಂಗ್ ಇರುವ ಗರ್ಡರ್ ಫೋರ್ಕ್ ಬಂದ ಮೇಲೂ ಹಿಂಬದಿಯಲ್ಲಿ ಇದ್ದದ್ದು ಸೀಟಿನ ಕೆಳಗಿನ ಎರಡು ಸ್ಪ್ರಿಂಗ್ ಮಾತ್ರ. ಅವು ಸವಾರನ ಸೊಂಟ ಉಳಿಸುತ್ತಿದ್ದವು. ಚಕ್ರಕ್ಕೆ ಅವುಗಳಿಂದ ಏನೂ ಉಪಯೋಗವಿರಲಿಲ್ಲ. ಹಳ್ಳ ಸಿಕ್ಕರೆ ಟೈರು ನೆಲ ಬಿಟ್ಟು ಹಾರುತ್ತಿತ್ತು. ಗಾಳಿಯಲ್ಲಿರುವ ಟೈರು ಬ್ರೇಕನ್ನೂ ಹಿಡಿಯದು, ತಿರುವನ್ನೂ ಹಿಡಿಯದು. ಸಸ್ಪೆನ್ಶನ್ ಇರುವುದು ಮೊದಲು ಟೈರನ್ನು ನೆಲಕ್ಕೆ ಅಂಟಿಸಿಡಲು, ಆಮೇಲೆ ನಮ್ಮ ಸುಖಕ್ಕೆ. ಈ ಸರಳ ಸಂಗತಿ ತಲೆಗೆ ಹೋಗಲು ಅರ್ಧ ಶತಮಾನವೇ ಬೇಕಾಯಿತು.

ಹಾಗೆಂದು ಹಳಬರು ದಡ್ಡರಾಗಿರಲಿಲ್ಲ. ಹಿಂಬದಿಯಲ್ಲಿ ಕೀಲು ಇಟ್ಟ ಆರಂಭದ ಎಷ್ಟೋ ಫ್ರೇಮುಗಳು ತಿರುವಿನಲ್ಲಿ ಬಳುಕುತ್ತಿದ್ದವು. ಅಂಥದ್ದಕ್ಕಿಂತ ಗಟ್ಟಿ ಫ್ರೇಮೇ ವಾಸಿ ಎಂದು ರೇಸಿನವರು ಹೇಳಿದ್ದರಲ್ಲಿ ಅರ್ಥವಿತ್ತು. ಆ ಮಾತಿಗೆ ದೊಡ್ಡ ಪೆಟ್ಟು ಬಿದ್ದದ್ದು 1935ರಲ್ಲಿ. ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ ಓಟದಲ್ಲಿ ಸ್ಟಾನ್ಲಿ ವುಡ್ಸ್, ಹಿಂದೆಯೂ ಸ್ಪ್ರಿಂಗ್ ಇದ್ದ ಇಟಲಿಯ ಮೋಟೊ ಗುಝಿ ಓಡಿಸಿ ನಾರ್ಟನ್ ತಂಡದ ಜಿಮ್ಮಿ ಗತ್ರಿಯನ್ನು ಕೇವಲ 4 ಸೆಕೆಂಡಿನಿಂದ ಸೋಲಿಸಿದ. ಅದೇ ವರ್ಷ ಜರ್ಮನಿಯ ಬಿಎಂಡಬ್ಲ್ಯು ತನ್ನ ಆರ್12 ಬೈಕಿಗೆ ಎಣ್ಣೆಯಿಂದ ನಿಯಂತ್ರಿಸುವ ಟೆಲಿಸ್ಕೋಪಿಕ್ ಫೋರ್ಕ್ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ಇಂದು ನಮ್ಮ ಬೈಕುಗಳ ಮುಂದಿರುವ ಎರಡು ಕೊಳವೆಗಳ ವಂಶ ಅಲ್ಲಿಗೆ ಹೋಗಿ ಸೇರುತ್ತದೆ.

ಎಣ್ಣೆ ಏಕೆ ಬೇಕು? ಒತ್ತಿದ ಸ್ಪ್ರಿಂಗ್ ಏಟನ್ನು ನುಂಗುವುದಿಲ್ಲ, ಸಾಲವಾಗಿ ಇಟ್ಟುಕೊಳ್ಳುತ್ತದೆ. ಮರುಕ್ಷಣವೇ ವಾಪಸು ಒದೆಯುತ್ತದೆ. ಆ ಒದೆತವನ್ನು ತಡೆಯಲು ಎಣ್ಣೆಯನ್ನು ಸಣ್ಣ ತೂತುಗಳ ಮೂಲಕ ಹಿಂಡಿ, ಶಕ್ತಿಯನ್ನು ಬಿಸಿಯಾಗಿಸಿ ಕಳೆಯಬೇಕು. ಇದಕ್ಕೆ ಡ್ಯಾಂಪಿಂಗ್ ಎನ್ನುತ್ತಾರೆ. ಸ್ಪ್ರಿಂಗ್ ಭಾರ ಹೊರುತ್ತದೆ, ಎಣ್ಣೆ ಬುದ್ಧಿ ಹೇಳುತ್ತದೆ.

ಇದನ್ನು ಚೆನ್ನಾಗಿ ಅರಿತವನು ಬೆಲ್‌ಫಾಸ್ಟಿನ ರೆಕ್ಸ್ ಮೆಕ್ಯಾಂಡ್ಲೆಸ್. ಕಾಲೇಜಿನಲ್ಲಿ ಕಲಿತವನಲ್ಲ, ಕೈಯಲ್ಲೇ ಕಲಿತವನು. 1944ರ ಹೊತ್ತಿಗೆ ತಾನೇ ಕಟ್ಟಿದ ಬೈಕಿಗೆ ಸ್ವಿಂಗ್ ಆರ್ಮ್ ಇಟ್ಟು, ಸಿಟ್ರೋಯೆನ್ ಕಾರಿನ ಶಾಕ್ ಅಬ್ಸಾರ್ಬರುಗಳನ್ನು ನೆಟ್ಟಗೆ ನಿಲ್ಲಿಸಿ ಜೋಡಿಸಿದ. ಆಮೇಲೆ ಇತರರ ಗಟ್ಟಿ ಫ್ರೇಮುಗಳಿಗೂ ಇದನ್ನು ಅಳವಡಿಸಿಕೊಟ್ಟ. ಇಂದು ನಮ್ಮ ಹುಡುಗರು ‘ಅಪ್‌ಗ್ರೇಡ್’ ಎನ್ನುತ್ತಾರಲ್ಲ, ಆ ಕಸುಬಿನ ಹಿರಿಯರಲ್ಲಿ ಇವನೊಬ್ಬ.

ಕೊನೆಗೆ ನಾರ್ಟನ್ ಕಂಪನಿಯೇ ಅವನ ಫ್ರೇಮನ್ನು ತೆಗೆದುಕೊಂಡಿತು. ಸವಾರ ಹೆರಾಲ್ಡ್ ಡೇನಿಯಲ್ ಅದನ್ನು ಗರಿಯ ಹಾಸಿಗೆಗೆ ಹೋಲಿಸಿದ್ದರಿಂದ ‘ಫೆದರ್‌ಬೆಡ್’ ಎಂಬ ಹೆಸರೇ ನಿಂತಿತು. ನಾರ್ಟನ್ನಿನದು ಹಳೆಯ ಕಾಲದ ಒಂದೇ ಸಿಲಿಂಡರಿನ ಎಂಜಿನ್. ಎದುರಿಗೆ ನಾಲ್ಕು ಸಿಲಿಂಡರಿನ ಗಿಲೆರಾ. ಆದರೂ 1950ರ ಟಿಟಿಯಲ್ಲಿ ಜೂನಿಯರ್, ಸೀನಿಯರ್ ಎರಡೂ ಓಟಗಳ ಮೊದಲ ಮೂರು ಸ್ಥಾನಗಳು ನಾರ್ಟನ್ ಪಾಲಾದವು. ಮರುವರ್ಷ ಜೆಫ್ ಡ್ಯೂಕ್ 350 ಮತ್ತು 500 ಸಿಸಿ ಎರಡರಲ್ಲೂ ವಿಶ್ವ ಚಾಂಪಿಯನ್ ಆದ. ಐಲ್ ಆಫ್ ಮ್ಯಾನ್ ಓಟ ನಡೆಯುವುದು ಸುಮಾರು 60 ಕಿ.ಮೀ. ಸುತ್ತಳತೆಯ ಊರ ರಸ್ತೆಯಲ್ಲಿ. ಉಬ್ಬು, ಗೋಡೆ, ಸೇತುವೆ ಎಲ್ಲ ಇರುವ ದಾರಿ. ಅಲ್ಲಿ ಗೆದ್ದದ್ದು ಕುದುರೆಶಕ್ತಿಗಿಂತ ಹೆಚ್ಚಾಗಿ ನೆಲ ಬಿಡದ ಚಕ್ರ.

ಈ ಬದಲಾವಣೆ ನಮ್ಮ ಕಡೆಗೂ ಬೇಗನೇ ಬಂತು. 1948ರಲ್ಲಿ ಇಂಗ್ಲೆಂಡಿನ ಕೋಲ್ಮೋರ್ ಕಪ್ ಟ್ರಯಲ್ಸಿನಲ್ಲಿ ರಾಯಲ್ ಎನ್‌ಫೀಲ್ಡ್ ಸ್ವಿಂಗ್ ಆರ್ಮ್ ಇದ್ದ ಬುಲೆಟ್ಟನ್ನು ಇಳಿಸಿತು. ಅದೇ ವರ್ಷ ಇಟಲಿಯ ಆರು ದಿನಗಳ ಟ್ರಯಲ್ಸಿನಲ್ಲಿ ಇಬ್ಬರು ಬುಲೆಟ್ ಸವಾರರು ಚಿನ್ನದ ಪದಕ ಪಡೆದರು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿ, ಆ ಬುಲೆಟ್ ಮದ್ರಾಸಿನದಾಯಿತು. ಕೆಲವೇ ವರ್ಷಗಳಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ 250 ಹೊರಬರತೊಡಗಿತು. ಅದರ ಮೂಲ ಮಾದರಿಯನ್ನು ಜೆಕ್ ಜನ ‘ಕೀವಾಚ್ಕಾ’ ಎಂದು ಕರೆಯುತ್ತಿದ್ದರು, ತೂಗಾಡುವ ಹಿಂಬದಿಯದು ಎಂಬ ಅರ್ಥದಲ್ಲಿ. ಮೈಸೂರಿನ ರಸ್ತೆಗಳಲ್ಲಿ ಜಾವಾದ ಹಿಂದೆ ಕುಳಿತು ಬೆಳೆದ ನಮ್ಮಂಥವರು ಆ ಹೆಸರು ಕೇಳದೆಯೇ ಅದರ ಸುಖ ಉಂಡವರು.

ಮುಂದಿನ ತೊಡಕು ಎಣ್ಣೆಯದೇ. ಶಾಕ್ ಜೋರಾಗಿ ಕೆಲಸ ಮಾಡಿದರೆ ಎಣ್ಣೆ ಕಾಯುತ್ತದೆ, ಗಾಳಿ ಬೆರೆತು ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿಯಿಲ್ಲ. ಒತ್ತಡದ ಗ್ಯಾಸನ್ನು ಎಣ್ಣೆಯಿಂದ ಬೇರೆಯಾಗಿ ತುಂಬಿ ನೊರೆ ತಡೆಯುವ ದಾರಿಯನ್ನು ಫ್ರಾನ್ಸಿನ ಡೆ ಕಾರ್ಬನ್ ಕಾರುಗಳಿಗಾಗಿ ತೋರಿಸಿದ್ದ. ಬೆಲ್ಜಿಯಂನ ಎಂಜಿನಿಯರ್ ಲೂಸಿಯನ್ ಟಿಲ್ಕೆನ್ಸ್ ಎರಡು ಶಾಕುಗಳ ಬದಲು ಸೀಟಿನ ಕೆಳಗೆ ಒಂದೇ ಉದ್ದನೆಯ ಶಾಕ್ ಮಲಗಿಸಿದ. ಯಮಹಾ ಅದನ್ನು ಕೊಂಡುಕೊಂಡಿತು. 1973ರಲ್ಲಿ ಹೋಕನ್ ಆಂಡರ್ಸನ್ ಅದರ ಮೇಲೆ 250 ಸಿಸಿ ಮೋಟೋಕ್ರಾಸ್ ವಿಶ್ವ ಪಟ್ಟ ಗೆದ್ದ. ನಾವೀಗ ಮೊನೊಶಾಕ್ ಎನ್ನುವುದು ಅದನ್ನೇ. 1976ರಲ್ಲಿ ಸ್ವೀಡನ್ನಿನ ಮೋಟೋಕ್ರಾಸ್ ಸವಾರ ಕೆಂತ್ ಓಲಿನ್ಸ್ ತನ್ನದೇ ಶಾಕ್ ಕಂಪನಿ ತೆರೆದ. ಎಂಜಿನ್ನುಗಳು ಬಲಿತಿದ್ದವು, ಚಕ್ರ ಹಿಡಿಯುವ ಕೈ ಬಲಿತಿರಲಿಲ್ಲ.

ನಮ್ಮ ಹುಡುಗನ ಟ್ರ್ಯಾಕಿಗೂ ಒಂದು ಹಿನ್ನೆಲೆಯಿದೆ. ಮದ್ರಾಸಿನ ರೇಸುಗಳು ಮೊದಲು ನಡೆಯುತ್ತಿದ್ದದ್ದು ಶೋಲಾವರಂನ ಹಳೆಯ ವಿಮಾನ ಓಡುದಾರಿಯಲ್ಲಿ. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್ ತೆರೆಯಿತು. ಅಲ್ಲಿ ಒಂದೊಂದು ಸುತ್ತಿನಲ್ಲೂ ಜೋರಾಗಿ ಬ್ರೇಕ್ ಹಿಡಿದು, ವಾಲಿ, ಮತ್ತೆ ಥ್ರಾಟಲ್ ತಿರುಗಿಸುವಾಗ ಭಾರ ಹಿಂದೆ ಮುಂದೆ ಓಡಾಡುತ್ತದೆ. ಅಲ್ಲಿ ಚಕ್ರ ಕುಪ್ಪಳಿಸಿದರೆ ನಗುವ ವಿಷಯವಲ್ಲ.

ಅವನಿಗೆ ಹೇಳಿದ್ದು ಇಷ್ಟೇ. ಕೊರಳಪಟ್ಟಿ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕಿನ ಹಿಂಬದಿ ಎತ್ತರವಾಗುತ್ತದೆ, ಅಷ್ಟೆ. ನೀನು ಕೂತಾಗ ಸಸ್ಪೆನ್ಶನ್ ಸ್ವಲ್ಪ ಕುಸಿದಿರಬೇಕು. ಆಗ ತಗ್ಗು ಬಂದಾಗ ಕೆಳಗೆ ಚಾಚಲು ಚಕ್ರಕ್ಕೆ ಜಾಗ ಇರುತ್ತದೆ. ಪೂರ್ತಿ ಬಿಗಿದರೆ ಆ ಜಾಗವನ್ನು ನೀನೇ ಕಿತ್ತುಕೊಂಡ ಹಾಗೆ. ಹೆಲ್ಮೆಟ್, ಜಾಕೆಟ್ ಹಾಕಿ ಕೂತುಕೋ, ಗೆಳೆಯರಿಬ್ಬರಿಗೆ ಟೇಪ್ ಹಿಡಿಯಲು ಹೇಳು. ರಸ್ತೆಗೆ 30ರಿಂದ 40 ಮಿ.ಮೀ. ಕುಸಿದರೆ ಸರಿ, ಟ್ರ್ಯಾಕಿಗೆ ಅದಕ್ಕಿಂತ ತುಸು ಕಡಿಮೆ. ಮುಂದಿನ ಫೋರ್ಕ್ ಆಯಿಲ್ ಎಷ್ಟು ವರ್ಷದ್ದು ನೋಡು, ಬದಲಾಯಿಸು. ಆಮೇಲೂ ಆ ಅಳತೆ ಸಿಗದಿದ್ದರೆ ನಿನ್ನ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸು. ಅಳತೆ ಸರಿಯಿದ್ದೂ ಚಕ್ರ ಕುಪ್ಪಳಿಸಿದರೆ, ಕೆಲವು ಸುತ್ತಾದ ಮೇಲೆ ಶಾಕ್ ಸೋತರೆ, ಆಗ ಹೊಸದು ಕೊಳ್ಳು. ಆ ದುಡ್ಡು ದಂಡವಲ್ಲ.

ಭಾನುವಾರ ಮೆಸೇಜ್ ಬಂತು. ಅವನು ಕೂತಾಗ ಹಿಂಬದಿ ಕುಸಿದದ್ದು ಬರೀ 15 ಮಿ.ಮೀ.ಯಂತೆ. ಹಲ್ಲುಗಳನ್ನು ಇಳಿಸುತ್ತಾ ಬಂದು 32ಕ್ಕೆ ತಂದು, ಅದೇ ಫ್ಲೈಓವರ್ ಮೇಲೆ ಹೋಗಿದ್ದಾನೆ. “ಚಕ್ರ ಕೆಳಗೇ ಇತ್ತು ಮಾವ” ಎಂದು ಬರೆದಿದ್ದ. ಸಂಬಳ ಸದ್ಯಕ್ಕೆ ಉಳಿದಿದೆ. ಟ್ರ್ಯಾಕಿನಿಂದ ಬಂದ ಮೇಲೆ ಏನು ಹೇಳುತ್ತಾನೋ ನೋಡಬೇಕು.