ಇಂಜಿನ್ನಿನ ಬಡಿತ: ನಿಜವೂ ಹುಸಿಯೂ

ಹಳೆಯ ಮೋಟಾರಿನಲ್ಲಿ ಕುಳಿತು ಘಟ್ಟವೇರಿದವರಿಗೆ ಒಂದು ಸದ್ದಿನ ಪರಿಚಯವಿದ್ದೇ ಇರುತ್ತದೆ. ಭಾರ ಹೆಚ್ಚಿ ಬಂಡಿ ಏದುಸಿರು ಬಿಡುವಾಗ, ತಗಡಿನ ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದಂತೆ ಇಂಜಿನ್ನು ಕಟಕಟನೆ ಬಡಿಯುತ್ತದೆ. ಇದಕ್ಕೆ ಮೆಕ್ಯಾನಿಕರ ಹೆಸರು ‘ನಾಕಿಂಗ್’. ನನ್ನ ತಂದೆಯವರ ಬಂಡಿಗೆ ಈ ರೋಗ ತಗುಲಿದೆಯೆಂದು ಮೇಸ್ತ್ರಿಯೊಬ್ಬ ಕಿಡಿ ಹಾರುವ ಹೊತ್ತನ್ನು ತುಸು ಹಿಂದಕ್ಕೆ ಸರಿಸಿಕೊಟ್ಟ. ಬಂಡಿ ಸತ್ವಗುಂದಿತೇ ಹೊರತು ಸದ್ದು ನಿಲ್ಲಲಿಲ್ಲ. ಸೈಲೆನ್ಸರ್ ಕೊಳವೆಗೆ ತಾಗುತ್ತಿದ್ದ ಸಡಿಲ ತಗಡೊಂದು ಅಪರಾಧಿಯೆಂದು ತಿಂಗಳ ಮೇಲೆ ತಿಳಿಯಿತು.

ಈ ಸದ್ದಿನ ಚರಿತ್ರೆಯೂ ಹುಸಿ ಆರೋಪವೊಂದರಿಂದಲೇ ಮೊದಲಾಗುತ್ತದೆ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರನ್ನೂ ಬ್ಯಾಟರಿಯ ಬಲದಿಂದ ಕಿಡಿ ಹೊತ್ತಿಸುವ ಏರ್ಪಾಡನ್ನೂ ಒದಗಿಸಿದನು. ಇಂಜಿನ್ನು ಬಡಿದಾಗ ಜನ ಆ ಏರ್ಪಾಡನ್ನೇ ದೂರಿದರು. ದೋಷ ಇಂಧನದ್ದೆಂದು ಕೆಟರಿಂಗನ ಶಂಕೆ. 1916ರಲ್ಲಿ ತನ್ನ ಪ್ರಯೋಗಶಾಲೆಗೆ ಬಂದ ಥಾಮಸ್ ಮಿಜ್ಲಿಗೆ ಅದನ್ನು ಬಿಡಿಸುವ ಕೆಲಸ ಒಪ್ಪಿಸಿದನು.

ಇಬ್ಬರಿಗೂ ಹೊಳೆದ ಊಹೆ ಬಲು ಸೊಗಸಾದುದು. ಹಿಮದಡಿಯಲ್ಲೇ ಅರಳುವ ಗಿಡವೊಂದರ ಎಲೆಯ ಅಡಿಭಾಗ ಕೆಂಪು. ಕೆಂಪು ಬಣ್ಣ ಶಾಖವನ್ನು ಬೇಗ ಹೀರಬಹುದು. ಹಾಗಾದರೆ ಇಂಧನಕ್ಕೂ ಕೆಂಪು ಬೆರೆಸಿದರೇನು? ಕೈಗೆ ಸಿಕ್ಕಿದ ಅಯೋಡಿನ್ ಬೆರೆಸಿದರು. ಬಡಿತ ನಿಂತಿತು! ಬೇರೊಬ್ಬನಾಗಿದ್ದರೆ ಅಲ್ಲಿಗೇ ಜಯಘೋಷ ಮಾಡುತ್ತಿದ್ದನೇನೋ. ಮಿಜ್ಲಿ ಬೇರೆ ಕೆಂಪು ಬಣ್ಣಗಳನ್ನೂ ಬೆರೆಸಿ ನೋಡಿದನು, ಫಲವಿಲ್ಲ. ಬಣ್ಣವಿಲ್ಲದ ಅಯೋಡಿನ್ ಸಂಯುಕ್ತವನ್ನು ಹಾಕಿದನು. ಬಡಿತ ಮತ್ತೆ ಅಡಗಿತು. ಗುಣ ಬಣ್ಣದ್ದಲ್ಲ, ಅಯೋಡಿನ್ನಿನದು.

ಅಳೆಯಲು ಮಿಜ್ಲಿ ಮತ್ತು ಟಿ. ಎ. ಬಾಯ್ಡ್ ಒಂದು ಉಪಕರಣ ಕಟ್ಟಿದರು. ಸಿಲಿಂಡರಿಗೆ ಹೊಂದಿಸಿದ ತೆಳು ಉಕ್ಕಿನ ಪೊರೆಯ ಮೇಲೆ ಸಣ್ಣ ಸಲಾಕೆ ನಿಂತಿರುತ್ತದೆ. ಬಡಿತವಾದಾಗ ಸಲಾಕೆ ನೆಗೆದು ವಿದ್ಯುತ್ ಸಂಪರ್ಕವನ್ನು ಮುಟ್ಟಿಸುತ್ತದೆ. ಆ ವಿದ್ಯುತ್ತು ನೀರು ಬೆರೆಸಿದ ಆಮ್ಲದಿಂದ ಅನಿಲವನ್ನು ಬಿಡಿಸುತ್ತದೆ. ಎಷ್ಟು ಅನಿಲವೋ ಅಷ್ಟು ಬಡಿತ. ಕಿವಿಯ ಸಾಕ್ಷ್ಯಕ್ಕೆ ಹೀಗೆ ಅಂಕಿಯ ರೂಪ ಬಂದಿತು. 1921ರ ಡಿಸೆಂಬರ್ 9ರಂದು ಸೀಸದ ಸಂಯುಕ್ತವೊಂದು ಬಡಿತವನ್ನು ಅಡಗಿಸಿತು. ಮುಂದಿನ ಕಥೆ ಕಹಿ. 1924ರಲ್ಲಿ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಅದರ ವಿಷ ತಾಗಿ ಐವರು ಕೆಲಸಗಾರರು ಸತ್ತರು. ಹಿಂದಿನ ವರ್ಷ ತಾನೇ ಸೀಸದ ವಿಷದಿಂದ ನರಳಿದ್ದ ಮಿಜ್ಲಿ, ಪತ್ರಕರ್ತರೆದುರು ಅದೇ ದ್ರವದಲ್ಲಿ ಕೈ ತೊಳೆದು ತೋರಿಸಿದನು! ಸದ್ದಿನ ವಿಷಯದಲ್ಲಿ ಅಷ್ಟು ಎಚ್ಚರವಾಗಿದ್ದವನು ಸಾವಿನ ವಿಷಯದಲ್ಲಿ ಹೇಗೆ ಕಿವುಡಾದನೋ. ರಸ್ತೆಯ ವಾಹನಗಳ ಪೆಟ್ರೋಲಿನಿಂದ ಸೀಸ ಪ್ರಪಂಚದಲ್ಲೆಲ್ಲ ತೊಲಗಿದ್ದು 2021ರಲ್ಲಿ.

ಟರ್ಬೊ ಇಂಜಿನ್ನು ಬಂದ ಮೇಲೆ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ಗಾಳಿಯನ್ನು ಒತ್ತಿ ತುಂಬಿದಷ್ಟೂ ಶಕ್ತಿ ಹೆಚ್ಚು, ಸಿಲಿಂಡರಿನೊಳಗಿನ ಒತ್ತಡವೂ ಕಾವೂ ಹೆಚ್ಚು. ಕಿಡಿಯಿಂದ ಹೊರಟ ಜ್ವಾಲೆ ತಲಪುವ ಮೊದಲೇ ಮೂಲೆಯ ಅನಿಲ ತಾನಾಗಿ ಒಮ್ಮೆಲೇ ಹೊತ್ತಿಕೊಂಡರೆ ಗೋಡೆಗಳು ಗಂಟೆಯಂತೆ ಮಿಡಿಯುತ್ತವೆ, ಅದೇ ಬಡಿತ. ಮುಂದುವರಿದರೆ ಪಿಸ್ಟನ್ನೇ ಒಡೆದೀತು. 86 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಈ ಕಂಪನ ಸೆಕೆಂಡಿಗೆ ಸುಮಾರು 6,600. 1978ರ ಟರ್ಬೊ ಬ್ಯೂಯಿಕ್ ಕಾರಿನಲ್ಲೂ ಕೆಲವೇ ವರ್ಷಗಳ ತರುವಾಯ ಸ್ವೀಡನ್ನಿನ ಸಾಬ್ ಕಾರಿನಲ್ಲೂ ಇದನ್ನಾಲಿಸುವ ಸೆನ್ಸರುಗಳನ್ನಿಟ್ಟರು. ಬಡಿತ ಕೇಳಿದೊಡನೆ ಮೊದಲನೆಯದರಲ್ಲಿ ಕಿಡಿ ಹಿಂದೆ ಸರಿಯುತ್ತಿತ್ತು; ಎರಡನೆಯದರಲ್ಲಿ ಗಾಳಿಯ ಒತ್ತಡ ಇಳಿಯುತ್ತಿತ್ತು.

ಆದರೆ ಸೆನ್ಸರಿಗೆ ಕಿವಿಯುಂಟು, ವಿವೇಚನೆಯಿಲ್ಲ. ವಾಲ್ವು ಮುಚ್ಚುವ ಸದ್ದು, ಪಿಸ್ಟನ್ನು ಗೋಡೆಗೆ ತಾಗುವ ಸದ್ದು, ಸಡಿಲ ಬ್ರ್ಯಾಕೆಟ್ಟಿನ ಅದುರು, ಎಲ್ಲವೂ ಅದಕ್ಕೆ ಬಡಿತವಾಗಿ ಕೇಳಿಸಬಹುದು. ಸೆನ್ಸರಿನ ಬೋಲ್ಟನ್ನೇ ಅಳತೆಗೆ ತಕ್ಕಂತೆ ಬಿಗಿಯದಿದ್ದರೆ ಅದು ಹೇಳುವ ಅಂಕಿಯೂ ಕೆಟ್ಟೀತು.

ಬಲ್ಲ ಟ್ಯೂನರು ಮಿಜ್ಲಿಯ ದಾರಿಯನ್ನೇ ಹಿಡಿಯುತ್ತಾನೆ: ಒಂದನ್ನೇ ಬದಲಿಸಿ ನೋಡುವುದು. ಗೇರು ಹಾಕದೆ, ಭಾರವಿಲ್ಲದೆ, ಇಂಜಿನ್ನನ್ನು ಅದೇ ವೇಗಕ್ಕೆ ಏರಿಸುತ್ತಾನೆ. ಆಗಲೂ ಅಂಕಿ ಏರಿದರೆ ಶಂಕೆ ಬೇರೆ ಸದ್ದಿನ ಮೇಲೆ. ಕಿಡಿಯನ್ನು ಕೆಲವು ಡಿಗ್ರಿ ಹಿಂದಿಟ್ಟು, ಇಲ್ಲವೇ ಹೆಚ್ಚು ಆಕ್ಟೇನಿನ ಪೆಟ್ರೋಲು ತುಂಬಿ, ಅದೇ ಭಾರದಲ್ಲಿ ಓಡಿಸಿ ನೋಡುತ್ತಾನೆ. ಅಂಕಿ ಇಳಿದರೆ ಬಡಿತ ನಿಜ. ಕದಲದಿದ್ದರೆ ಬ್ರ್ಯಾಕೆಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾನೆ. ಇಷ್ಟು ತಾಳ್ಮೆಯಿಲ್ಲದವನು ಸೆನ್ಸರಿನ ಸೂಕ್ಷ್ಮತೆಯನ್ನೇ ತಗ್ಗಿಸಿಬಿಡುತ್ತಾನೆ. ಆಗ ಹುಸಿ ಸದ್ದಿನ ಜೊತೆಗೆ ನಿಜದ ಸದ್ದೂ ಮರೆಯಾಗುತ್ತದೆ. ಆದ್ದರಿಂದಲೇ ಇಂದಿಗೂ ಎಷ್ಟೋ ಟ್ಯೂನರುಗಳು ಪರದೆಯ ಮೇಲೆ ಅಂಕಿ ಓಡುತ್ತಿದ್ದರೂ ಇಂಜಿನ್ನಿಗೆ ಮೈಕು ಕಚ್ಚಿಸಿ, ಹೆಡ್‌ಫೋನು ಧರಿಸಿ, ಖುದ್ದು ಕೇಳುತ್ತ ಕೂರುತ್ತಾರೆ.